ಪಾಲಾಗದ ಮನೆ

ಅವಿಭಕ್ತ ಕುಟುಂಬ ಸತ್ತುಹೋಯಿತೆಂದು ಕೊರಗುವವರಿಗೆ ಒಂದು ಸಮಾಧಾನದ ಸುದ್ದಿ: ಅದು ಬೆಂಗಳೂರಿಗೆ ಹೋಗಿ ಲಿಫ್ಟು ಹಾಕಿಸಿಕೊಂಡು ಗಟ್ಟಿಮುಟ್ಟಾಗಿಯೇ ಇದೆ. ಚಾಮರಾಜನಗರದ ಪಕ್ಕದ ಹರದನಹಳ್ಳಿಯಂಥ ಊರಿನಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಹೊಲ, ದನ, ತಾಮ್ರದ ಹಂಡೆ ಎಲ್ಲವೂ ಸರಾಗವಾಗಿ ಹಂಚಿಹೋಗುತ್ತವೆ. ಬಾವಿಯ ಮಾತು ಬಂದಾಗ ಮಾತ್ರ ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಬಾವಿಗೆ ಗರಗಸ ಹಾಕಲಾಗದು. “ಬಾವಿ ಒಟ್ಟಿಗಿರ್ಲಿ, ಮಿಕ್ಕುದ್ದ ಹಂಚ್ಕಳಿ” ಎಂದು ಪಂಚಾಯ್ತಿ ಮುಗಿಯುತ್ತದೆ. ಹೀಗೆ ಬಾವಿ, ದಾರಿ, ಕಣ ಮೂರೂ ಒಟ್ಟಿನಲ್ಲೇ ಉಳಿಯುತ್ತವೆ, ಮುಂದಿನ ಜಗಳಗಳ ಮೂಲ ಬಂಡವಾಳವಾಗಿ. ಅಪಾರ್ಟ್‌ಮೆಂಟು ಎಂಬುದು ಈ ಬಾವಿಯನ್ನೇ ಮಹಡಿ ಮೇಲೆ ಮಹಡಿ ಏರಿಸಿ ಕಟ್ಟಿದ ಸಂಸಾರ ಎಂಬುದು ನನ್ನ ವಾದ.

ಚಂದಕ್ಕೆಂದು ಕಟ್ಟಿದ ಉಪಮೆಯಲ್ಲ ಇದು, ಕಾನೂನಿನಲ್ಲೇ ಇರುವ ವಿಷಯ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯ ಪ್ರಕಾರ ಫ್ಲ್ಯಾಟು ನಿಮ್ಮದು. ಅದರ ಕೆಳಗಿನ ನೆಲ, ಅಡಿಪಾಯ, ಕಂಬ, ಮೆಟ್ಟಿಲು, ಲಿಫ್ಟು ಎಲ್ಲರದು. ಎಲ್ಲರದಾದದ್ದರಲ್ಲಿ ನಿಮಗೊಂದು ಅವಿಭಾಜ್ಯ ಪಾಲಿದೆ, ಆದರೆ ಅದು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾಗದು. ಕೂಡುಕುಟುಂಬದಲ್ಲಿ ಮುನಿಸಿಕೊಂಡ ತಮ್ಮ ವಿಭಾಗದ ದಾವೆ ಹೂಡಬಹುದು. ಇಲ್ಲಿ ಅದಕ್ಕೂ ಅವಕಾಶವಿಲ್ಲ, ಕಾಯ್ದೆಯೇ ಅಡ್ಡ ನಿಂತಿದೆ. ನನಗೆ ಬೇಡ, ನಾನು ಬಳಸುವುದಿಲ್ಲ ಎಂದು ಖರ್ಚಿನಿಂದ ನುಣುಚಿಕೊಳ್ಳುವ ದಾರಿಯನ್ನೂ ಅದು ಮುಚ್ಚಿದೆ. ಆದರೂ ಪ್ರತಿ ಸರ್ವಸದಸ್ಯರ ಸಭೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೊದಲ ಸಾಲಿನಿಂದ ನೆಲಮಹಡಿಯ ಹಿರಿಯರೊಬ್ಬರು ಏಳದೆ ಇರುವುದಿಲ್ಲ. “ನಾನು ಲಿಫ್ಟಿಗೆ ಕಾಲೇ ಇಟ್ಟಿಲ್ಲ ಸಾರ್, ನಾನ್ಯಾಕೆ ದುಡ್ಡು ಕೊಡಲಿ?” ಎಂಟನೇ ಮಹಡಿಯ ಉತ್ತರವೂ ಸಿದ್ಧ: “ಹಾಗಾದರೆ ಗಾರ್ಡನ್ ಇರೋದು ನಿಮ್ಮ ಕಿಟಕಿ ಮುಂದೆ, ಮಾಲಿ ಸಂಬಳ ನೀವೇ ಕೊಡಿ.” ‘ನನ್ನ ಮಕ್ಕಳು ಹಾಲು ಕುಡಿಯೋದಿಲ್ಲ, ಹಸುವಿನ ಹಿಂಡಿಗೆ ನಾವ್ಯಾಕೆ ಕೊಡಬೇಕು’ ಎಂದು ಓರಗಿತ್ತಿಯರು ತೊಟ್ಟಿಮನೆಯಲ್ಲಿ ಆಡುತ್ತಿದ್ದ ಮಾತಿಗೂ ಇದಕ್ಕೂ ಎಷ್ಟು ದೂರ?

ಕುಟುಂಬಕ್ಕೆ ರಕ್ತಸಂಬಂಧ ಬೇಕು, ಇಲ್ಲಿರುವುದು ಬರೀ ದುಡ್ಡಿನ ಸಂಬಂಧ ಎಂದು ಆಕ್ಷೇಪಿಸಬಹುದು. ದುಡ್ಡಿರುವುದು ನಿಜ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟಿರುವ ಸಂಘದಲ್ಲಿ ಒಬ್ಬರ ಮಾಸಿಕ ವಂತಿಗೆ 7,500 ರೂಪಾಯಿ ದಾಟಿದರೆ ಶೇ. 18 ಜಿಎಸ್‌ಟಿಯೂ ಬೀಳುತ್ತದೆ; ಅಣ್ಣನ ಜೊತೆ ಬಾಳಿದ್ದಕ್ಕೆ ಹಿಂದೆ ಯಾರೂ ತೆರಿಗೆ ಕಟ್ಟಿರಲಿಲ್ಲ. ಆದರೆ ರಕ್ತಕ್ಕಿಂತ ನೀರಿನ ನಂಟು ಗಟ್ಟಿ. ಮೇಲಿನವರ ಬಚ್ಚಲಿನ ಟೈಲ್ಸ್ ಸಂದಿಯಿಂದ ಇಳಿದ ನೀರು ಕೆಳಗಿನವರ ದೇವರಮನೆಯ ಚಾವಣಿಯಲ್ಲಿ ಮೊದಲು ಚಹಾದ ಬಣ್ಣದ ಕಲೆಯಾಗುತ್ತದೆ, ಆಮೇಲೆ ಸುಣ್ಣದ ಹಕ್ಕಳೆ ಎದ್ದು ದೀಪದ ಬತ್ತಿಯ ಮೇಲೇ ಉದುರುತ್ತದೆ. ಅದುವರೆಗೆ ಮುಖ ನೋಡದವರೂ ಆ ವಾರ ಮೂರು ಸಲ ಕರೆಗಂಟೆ ಒತ್ತುತ್ತಾರೆ. ಕೊಳಾಯಿ ರಿಪೇರಿಯ ಖರ್ಚು ಯಾರದು ಎಂಬ ಚರ್ಚೆಯಲ್ಲಿ ಬೆಳೆಯುವ ಸಲುಗೆ ದಾಯಾದಿಗಳಿಗೂ ಸಿಗಲಿಕ್ಕಿಲ್ಲ. ಮಾರಿ ಹೋಗಬಹುದಲ್ಲ ಎನ್ನುವಿರಾ? ಹೋಗಬಹುದು. ಆದರೆ ಕೊಂಡವರು ಅದೇ ಪಾಲಿಗೆ, ಅದೇ ಕಲೆಗೆ ದತ್ತುಪುತ್ರರಾಗಿ ಬರುತ್ತಾರೆ, ಮನೆತನ ಮುಂದುವರಿಯುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಬೇಕು. ಹಳ್ಳಿಯ ಒಟ್ಟುಬಾಳಿನ ಬಾವಿ ಎಲ್ಲರ ಬಾವಿಯಾಗಿರಲಿಲ್ಲ. ಕೇರಿಗೊಂದು ಗೆರೆ ಇತ್ತು, ಗೆರೆಯಾಚೆಯ ಬಿಂದಿಗೆಗೆ ನೀರಿರಲಿಲ್ಲ. ನಗರ ಇದನ್ನು ಅಳಿಸಿತೆನ್ನೋಣವೆಂದರೆ, ಮನೆಗೆಲಸದವರು ಈ ಲಿಫ್ಟು ಬಳಸಬಾರದೆಂಬ ಚೀಟಿ ಎಷ್ಟೋ ಕಡೆ ಗೋಡೆಯ ಮೇಲಿದೆ. ಗೆರೆ ಈಗ ಲಂಬವಾಗಿದೆ, ಅಷ್ಟೇ. ಅಂದರೆ ಹಳೆಯ ಮನೆಯ ಗುಣವಷ್ಟೇ ಬಂದಿಲ್ಲ, ರೋಗವೂ ಬಂದಿದೆ. ನನ್ನ ವಾದಕ್ಕೆ ಇದೂ ಸಾಕ್ಷಿಯೇ, ಆದರೆ ನಗುತ್ತಾ ಹೇಳುವ ಸಾಕ್ಷಿಯಲ್ಲ.

ಹರದನಹಳ್ಳಿಗೆ ಜಗಳವಿಲ್ಲದ ಒಟ್ಟುಬಾಳಿನ ಮಾದರಿಯೂ ಗೊತ್ತು. ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ತೋಂಟದ ಸಿದ್ಧಲಿಂಗರು ಇದೇ ಊರಿನವರು. 701 ವಿರಕ್ತರನ್ನು ಕೂಡಿಕೊಂಡು ನಾಡು ಸುತ್ತಿದರೆಂಬುದು ಪರಂಪರೆಯ ಮಾತು. ದೊಡ್ಡ ಅಪಾರ್ಟ್‌ಮೆಂಟಿನಷ್ಟು ಜನ! ಆದರೆ ಮನೆಯನ್ನೇ ಬಿಟ್ಟವರಿಗೆ ನಡುಗೋಡೆ ಎಲ್ಲಿಯದು, ಪಾರ್ಕಿಂಗ್ ಎಲ್ಲಿಯದು? ಅಷ್ಟು ವೈರಾಗ್ಯ ಬರುವಷ್ಟರಲ್ಲಿ ಗೃಹಸಾಲದ ಕಂತು ಬರುತ್ತದೆ. ಸಂಸಾರಿಗಳಿಗೆ ಉಳಿದ ದಾರಿ ಯಜಮಾನರದೇ: ಬಾವಿ ಒಟ್ಟಿಗಿರಲಿ. ಅಂದಹಾಗೆ ಸಂಪಿನ ಮೋಟಾರು ಸುಟ್ಟಿದೆಯಂತೆ, ಭಾನುವಾರ ಹತ್ತು ಗಂಟೆಗೆ ಸಭೆ. ನೆಲಮಹಡಿಯವರು ಆಗಲೇ ಮೊದಲ ಸಾಲಿನ ಕುರ್ಚಿ ಒರೆಸುತ್ತಿದ್ದಾರೆ.