ಭಾವಮೈದನ ಹುಳುಗಳು

ನನ್ನ ಹೆಂಡತಿಯ ತಮ್ಮ ಟೆಸ್ಟರ್. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದಕ್ಕೆ ಅವನಿಗೆ ಸಂಬಳ. ಅವರ ಮನೆತನದಲ್ಲಿ ಉಳಿದವರೆಲ್ಲ ಈ ಕೆಲಸವನ್ನು ಬಿಟ್ಟಿಯಾಗಿಯೇ ಮಾಡಿಕೊಂಡು ಬಂದಿದ್ದಾರೆ.

1947ರಲ್ಲಿ ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರಿನ ರಿಲೇಯೊಳಗೆ ಒಂದು ಪತಂಗ ಸಿಕ್ಕಿ, ಅದನ್ನು ಲಾಗ್‌ಬುಕ್ಕಿಗೆ ಟೇಪು ಹಚ್ಚಿ ಅಂಟಿಸಿದರಲ್ಲ, ಆ ಪುಟದ ಚಿತ್ರ ಇವನ ಮೊಬೈಲಿನ ಪರದೆಯ ಮೇಲಿದೆ. ದೇವರ ಪಟ ಇರಬೇಕಾದ ಜಾಗ. ‘ಹುಳ ಯಾರಿಗಾದ್ರೂ ಸಿಗುತ್ತೆ ಭಾವ, ಬರೆದಿಟ್ಟರು ನೋಡಿ!’ ಎನ್ನುತ್ತಾನೆ. ತಪ್ಪುಗಳನ್ನು ದಾಖಲಿಸುವ ಜೀರಾ ಸಾಫ್ಟ್‌ವೇರಿನಲ್ಲಿ ಟಿಕೆಟ್ ಬೀಳದ ಬಗ್ಗು, ಅಂದರೆ ಹುಳ, ಅವನ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ.

ಬರೆದರಷ್ಟೇ ಸಾಲದು, ಜಾತಿ ನಿಗದಿಯಾಗಬೇಕು. ಸಿವಿಯರಿಟಿ ಬೇರೆ, ಪ್ರಯಾರಿಟಿ ಬೇರೆ. ಎರಡೂ ಒಂದೇ ಅಲ್ಲವೇ ಎಂದು ಒಮ್ಮೆ ಕೇಳಿ ಕೆಟ್ಟೆ.

‘ಲಗ್ನಪತ್ರಿಕೇಲಿ ಹುಡುಗಿ ಹೆಸರು ತಪ್ಪಾಗಿದೆ ಅಂತಿಟ್ಕೊಳ್ಳಿ. ತಾಳಿ ಕಟ್ಟೋದೇನು ನಿಲ್ಲಲ್ಲ, ಸಿವಿಯರಿಟಿ ಕಮ್ಮಿ. ಆದ್ರೆ ಬೀಗರ ಕೈಗೆ ಹೋಗೋದ್ರೊಳಗೆ ತಿದ್ದದಿದ್ರೆ ಮಾನ ಹೋಗುತ್ತೆ. ಪ್ರಯಾರಿಟಿ ಒಂದು!’

ಇದರ ತಿರುವುಮುರುವೂ ಉಂಟು. ಫೆಬ್ರವರಿ 29ರಂದು ಮಾತ್ರ ಇಡೀ ಸಿಸ್ಟಮ್ಮೇ ಮಲಗಿಬಿಡುವ ಬಗ್ಗೊಂದನ್ನು ಹಿಡಿದಿದ್ದ. ಸಿವಿಯರಿಟಿ ಒಂದು ಎಂದು ಎದೆಯುಬ್ಬಿಸಿ ಹಾಕಿದರೆ, ಡೆವಲಪರು ‘2028ಕ್ಕೆ ನೋಡೋಣ ಬಿಡು ಗುರು’ ಎಂದು ಪ್ರಯಾರಿಟಿ ನಾಲ್ಕಕ್ಕೆ ಇಳಿಸಿದ. ಅವತ್ತು ಇವನು ರಾತ್ರಿ ಊಟ ಬಿಟ್ಟ. ಅದಕ್ಕಿಂತ ದೊಡ್ಡ ಸೂತಕವೆಂದರೆ ‘ಡೂಪ್ಲಿಕೇಟ್’: ಇವನು ಹಿಡಿದ ಹುಳವನ್ನು ಪಕ್ಕದ ಸೀಟಿನವಳು ಹತ್ತು ನಿಮಿಷ ಮೊದಲೇ ದಾಖಲಿಸಿರುವುದು. ‘ಫಿಕ್ಸ್ ಆಯ್ತು’ ಎಂದು ಬಂದದ್ದನ್ನು ರೀಓಪನ್ ಮಾಡಿದ ದಿನ ಮಾತ್ರ ಮೈಸೂರುಪಾಕಿನ ಪೊಟ್ಟಣ ಮನೆಗೆ ಬರುತ್ತದೆ.

ಇವನ ಜನ್ಮವೈರಿ ಒಂದೇ ಒಂದು ವಾಕ್ಯ: ‘ನನ್ನ ಮಷೀನಲ್ಲಿ ಸರಿಯಾಗೇ ಇದೆಯಲ್ಲ!’ ಡೆವಲಪರ ಬಾಯಿಂದ ಇದು ಬಿದ್ದರೆ ಸಾಕು. ಯಾವ ಬ್ರೌಸರು, ಯಾವ ಬಟನ್ನು, ಎಷ್ಟನೇ ಸಲ ಎಂದು ಹೆಜ್ಜೆಹೆಜ್ಜೆಗೂ ಸ್ಕ್ರೀನ್‌ಶಾಟ್ ಲಗತ್ತಿಸಿ ಬಾಯಿ ಮುಚ್ಚಿಸಿಯೇ ಏಳುತ್ತಾನೆ.

ಮೊನ್ನೆ ಭಾನುವಾರ ನಮ್ಮಲ್ಲಿ ಊಟ. ಮೊದಲ ತುತ್ತಿಗೇ ಕೈ ತಡೆಯಿತು. ನನ್ನ ಕಡೆ ಬಾಗಿ, ‘ಭಾವ, ನಿಮ್ಮ ತಟ್ಟೇಲೂ ಉಪ್ಪಿಲ್ವಾ?’ ಎಂದ. ಸಾಕ್ಷಿ ಹೇಳುವ ಧೈರ್ಯ ನನಗಿಲ್ಲ, ಹಪ್ಪಳ ಮುರಿದೆ. ಅವನೇ ಗಂಟಲು ಸರಿಮಾಡಿಕೊಂಡು, ‘ಅಕ್ಕಾ, ಸಾರಿಗೆ ಉಪ್ಪು ಬಿದ್ದಿಲ್ಲ’ ಅಂದ.

ಅವಳು ಸೌಟು ಹಿಡಿದೇ ತಿರುಗಿದಳು. ‘ನನ್ನ ತಟ್ಟೇಲಿ ಸರಿಯಾಗೇ ಇದೆಯಲ್ಲ!’

ಬಾಯಿ ತೆರೆದವನು ಮುಚ್ಚಿದ. ಎರಡನೇ ಸಲ ಸಾರು ಹಾಕಿಸಿಕೊಂಡ.