ಆ ಅಡ್ಡಗೆರಿ ಇರಲಿ ಬಿಡ್ರಿ

ವಿಂಡೋದ ಮೂಲ್ಯಾಗ ಮೂರು ಗುರುತು ಇರ್ತಾವಲ್ರಿ, ಮುಚ್ಚಲಿಕ್ಕೊಂದು, ದೊಡ್ಡದು ಮಾಡಲಿಕ್ಕೊಂದು, ಮಿನಿಮೈಸ್ ಮಾಡಲಿಕ್ಕೆ ಸಣ್ಣ ಅಡ್ಡಗೆರಿ ಒಂದು. ಆ ಗೆರಿ ಮ್ಯಾಲೆ ಕೆಲವರಿಗೆ ಅದ್ಯಾಕೋ ಸಿಟ್ಟು. ಲಿನಕ್ಸಿನ ಗ್ನೋಮ್ ಮಂದಿ 2011ರಾಗ ಮೂರನೇ ಆವೃತ್ತಿ ತಂದಾಗ ಅದನ್ನ ಕಿತ್ತೇ ಬಿಟ್ರು. ಅವರದೂ ಒಂದು ಲೆಕ್ಕ ಇತ್ತು ಅನ್ರಿ. ಕೆಳಗಿನ ಪಟ್ಟಿನ ತೆಗೆದ ಮ್ಯಾಲೆ ಮಿನಿಮೈಸ್ ಆದದ್ದು ಹೋಗಿ ಕೂಡೋದೆಲ್ಲಿ? ಒಂದೊಂದು ಕೆಲಸಕ್ಕೆ ಒಂದೊಂದು ವರ್ಕ್‌ಸ್ಪೇಸ್ ಮಾಡ್ಕೊಳ್ರಿ ಅಂದ್ರು. ಬಾಗಿಲು ಹಾಕ್ಕೊಂಡು ಒಬ್ಬನ ಕೂತು ಕೆಲಸ ಮಾಡೋನಿಗೆ ಅದು ಬರೋಬ್ಬರಿ.

ನಮ್ಮ ಕುಷ್ಟಗಿ, ಯಲಬುರ್ಗಾದ ಆನ್‌ಲೈನ್ ಅಂಗಡ್ಯಾಗ ಒಬ್ಬರ ಎಲ್ಲಿ ಕೂಡ್ತಾರ, ಹೇಳ್ರಿ? ಮುಂಗಾರಿ ಬೆಳೆ ವಿಮೆ ತುಂಬೋ ದಿನದಾಗ ಒಮ್ಮೆ ಹೋಗಿ ನೋಡಬೇಕು. ಇರೋದೊಂದು ಸ್ಕ್ರೀನು. ಅದರಾಗ ಸಂರಕ್ಷಣೆ ಪೋರ್ಟಲ್, ಭೂಮಿಯ ಪಹಣಿ, ನುಡಿಯಾಗ ಅರ್ಧ ಟೈಪಾದ ಯಾರದೋ ಅರ್ಜಿ, ಪಾಸ್‌ಬುಕ್ಕಿನ ಫೋಟೋ ಬರಬೇಕಾದ ವಾಟ್ಸಾಪು. ಇಷ್ಟರಾಗ ಒಟಿಪಿ ಬೇಕು ಅನ್ನತೈತಿ. ಫೋನು ಮಗನ ಕಡೆ, ಮಗ ಸಜ್ಜಿ ಹೊಲದಾಗ! ಪೋರ್ಟಲ್ ಮುಚ್ಚಿದರ ತುಂಬಿದ್ದೆಲ್ಲ ಹೋಗಿ ಮೊದಲಿಂದ ತುಂಬಬೇಕು. ತೆರೆದಿಡೋಣ ಅಂದ್ರ ಆಧಾರ್ ನಂಬರು, ಬ್ಯಾಂಕ್ ಖಾತೆ ಎಲ್ಲಾ ಎದುರಿಗೇ. ಹಿಂದಿನ ಪಾಳಿಯವರು ಆಗಲೇ ಟೇಬಲ್ಲಿಗೆ ಮೊಣಕೈ ಊರಿ ಬಗ್ಗಿ ನಿಂತಿರ್ತಾರ. ಹುಡುಗ ಆ ಗೆರಿ ಮ್ಯಾಲೆ ಟಕ್ ಅನಿಸ್ತಾನ, ಮುಂದಿನವರನ್ನ ಕರೀತಾನ. ಮಾತಿಲ್ಲ, ಕತೆಯಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯೊಳಗ ಹಿಂದೆ ಒಬ್ಬ ಮುನೀಮರಿದ್ರು. ಗಿರಣಿ ಅಂದ್ರ ಗೊತ್ತಲ್ರಿ, ತೌಡಿನ ಧೂಳು ಲೆಕ್ಕದ ಪುಸ್ತಕದ ಮ್ಯಾಲೂ ಕೂತಿರತೈತಿ. ಹಾಳಿ ತಿರುವೋ ಮುಂಚೆ ಅವರು ಊದೋದು ತಪ್ಪತಿರಲಿಲ್ಲ. ಯಾರರ ಒಳಗ ಬಂದ್ರೋ, ಹಾಳ್ಯಾಗ ಪೆನ್ನಿಟ್ಟು ಕೆಂಪು ಪುಸ್ತಕ ಮುಚ್ಚೋರು. ಇನ್ನೊಬ್ಬರ ಬಾಕಿ ಇವರಿಗ್ಯಾಕ ಕಾಣಬೇಕು? ಬಂದವರಿಗೆ ಚಾ ಕುಡಿಸಿ ಕಳಿಸಿ, ಮತ್ತ ಪೆನ್ನಿದ್ದ ಹಾಳೀನ ತೆಗೆಯೋರು. ಈಗಿನ ಮಿನಿಮೈಸೂ ಅದೇ ಮರ್ಯಾದಿ ಅಲ್ಲೇನ್ರಿ?

ಹಂಗಂತ ಮಿನಿಮೈಸ್ ಶುರುವಿನಿಂದ ಚೊಲೋ ಇತ್ತು ಅಂತಲ್ಲ. 1992ರ ವಿಂಡೋಸ್ 3.1ರಾಗ ಅದು ಸಣ್ಣ ಚಿತ್ರ ಆಗಿ ಸ್ಕ್ರೀನಿನ ತಳಕ್ಕ ಹೋಗಿ ಕೂಡತಿತ್ತು. ಮ್ಯಾಲೆ ಇನ್ನೊಂದು ದೊಡ್ಡ ವಿಂಡೋ ಬಂತೋ, ಅದರಡಿ ಮುಚ್ಚೇ ಹೋಗೋದು. 1995ರಾಗ ಕೆಳಗ ಟಾಸ್ಕ್‌ಬಾರ್ ಬಂತು ನೋಡ್ರಿ, ಆಗ ನೆಟ್ಟಗಾತು. ಮ್ಯಾಕಿನವರು 2001ರಾಗ ಡಾಕ್ ತಂದು, ವಿಂಡೋ ಸೊಂಡಿಲಿನಂಗ ಸುರುಳಿ ಆಗಿ ಒಳಗಿಳಿಯೋದನ್ನ ತೋರಿಸಿದ್ರು. ಅದು ಬರೇ ಚಂದಕ್ಕಲ್ಲ. ಎಲ್ಲಿ ಹೋತು ಅನ್ನೋದು ಕಣ್ಣಿಗೆ ಕಂಡರ, ವಾಪಸ್ ತರೋದು ಕೈಗೆ ತಿಳೀತೈತಿ.

ಗ್ನೋಮಿನವರೂ ಪೂರ್ತಿ ಬಿಟ್ಟಿಲ್ಲ ಬಿಡ್ರಿ. ಸೂಪರ್ ಕೀ ಜೊತಿ ಎಚ್ ಒತ್ತಿದರ ವಿಂಡೋ ಈಗಲೂ ಮರೆಯಾಗತೈತಿ, ಟ್ವೀಕ್ಸ್‌ನಾಗ ಹೋಗಿ ಬಟನ್ನನ್ನೂ ತಂದ್ಕೋಬಹುದು. ಅದ ಗ್ನೋಮ್ ಇಟ್ಕೊಂಡ ಉಬುಂಟು ಅಂತೂ ಬಟನ್ನನ್ನ ತಾನ ಇಟ್ಟು ಕೊಡತೈತಿ. ನನ್ನ ಕೇಳಿದರ ಉಬುಂಟು ಮಾಡಿದ್ದ ಸರಿ. ಹುಡುಕಿ ತಂದ್ಕೊಳ್ಳೋ ಪುರುಸೊತ್ತು ಪಾಳಿ ನಿಂತ ಅಂಗಡ್ಯಾಗ ಯಾರಿಗೈತಿ?

ಮುಂದಿನ ಸಲ ವಿಮೆ ತುಂಬಲಿಕ್ಕೆ ಹೋದಾಗ ಒಟಿಪಿ ಕೇಳಾಕ ನೀವು ಹೊರಗೆ ಎದ್ದು ಬರೋದಿದ್ದರ, ಏಳೋ ಮೊದಲ ಹುಡುಗನಿಗೆ ಒಂದು ಮಾತು ಹೇಳ್ರಿ, ತಮ್ಮಾ, ನಮ್ಮದನ್ನ ಮಿನಿಮೈಸ್ ಮಾಡಪ ಅಂತ. ಅಂವ ಏನೂ ತಿಳ್ಕೊಳ್ಳಂಗಿಲ್ಲ.