ಬೇಲಿಯಾಚೆಗೆ ಹೊರಟ ಹುಡುಗ

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಈ ದಿನಗಳಲ್ಲಿ ನಮ್ಮೂರು ಹೂಗ್ಯಂನಲ್ಲಿ ಹೊತ್ತು ಇಳಿದರೆ ಸಾಕು, ಬೆಟ್ಟದ ಕಡೆಯಿಂದ ಚಳಿ ಬಂದು ಮೊಣಕಾಲು ಹಿಡಿಯುತ್ತದೆ. ಬೇಲಿಯಾಚೆ ದೊಡ್ಡಪ್ಪ ಜಗುಲಿಯಲ್ಲಿ ಕೂತು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ರಕ್ತಸಂಬಂಧದ ದೊಡ್ಡಪ್ಪ ಅಲ್ಲ, ಪಕ್ಕದ ಮನೆಯವರು. ಹಾಗೆ ಕರೆದೇ ಬೆಳೆದೆ. ನಮ್ಮಿಬ್ಬರ ಮನೆ ನಡುವಿನ ಕಳ್ಳಿಬೇಲಿಯಲ್ಲಿ ಒಂದು ಕಂಡಿ ಇದೆ. ಸಾರಿನ ಬಟ್ಟಲು, ಒಲೆಗೆ ಕೆಂಡ, ಊರ ಸುದ್ದಿ ಎಲ್ಲವೂ ಆ ಕಂಡಿಯಲ್ಲೇ ಓಡಾಡುವುದು.

ಅವತ್ತು ಕಾಳು ಮೊರಕ್ಕೆ ಬೀಳುತ್ತಿದ್ದ ಸದ್ದಿನಲ್ಲೇ ಸಿಟ್ಟು ಕೇಳಿಸುತ್ತಿತ್ತು. ಏನಾಯಿತು ಅಂದೆ.

"ಏನಾಗದೆ? ನಮ್ಮ ಹೈದ ಆ ಊರ ಟೀಮ್‌ಗೆ ಹೋಯ್ತಾನಂತೆ ಕನಪ್ಪ! ಈ ಊರ ಮಣ್ಣಲ್ಲಿ ಬಿದ್ದು ಎದ್ದು ಕಲ್ತವ್ನು, ಹಬ್ಬದ ಮ್ಯಾಚಲ್ಲಿ ನಮ್ಮ ಐಕ್ಳ ಮ್ಯಾಲೇ ರೈಡ್ ಬತ್ತಾನಂತೆ. ನ್ಯಾಯ್ವಾ ಇದು?"

ಹೈದ ಅಂದರೆ ಅವರ ಮೊಮ್ಮಗ. ಇಪ್ಪತ್ತು ವರ್ಷ, ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಾನೆ. ಕಬಡ್ಡಿಯಲ್ಲಿ ರೈಡ್‌ಗೆ ಹೋದರೆ ಎಡಗಾಲು ಮುಂದಿಟ್ಟು, ಬೋನಸ್ ಗೆರೆಯ ಮೇಲೆ ಬಲಗಾಲಿನ ಹೆಬ್ಬೆರಳನ್ನು ಆಡಿಸುತ್ತಾ ನಿಲ್ಲುತ್ತಾನೆ. ಎದುರಿನ ಕಾರ್ನರ್‌ನವನು ಆ ಹೆಬ್ಬೆರಳನ್ನೇ ನೋಡುತ್ತಿರುವಾಗ ಇವನ ಕೈ ಅವನ ಭುಜ ಮುಟ್ಟಿ ವಾಪಸ್ ಬಂದಿರುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಸುಣ್ಣದ ಗೆರೆ ಅರ್ಧ ಅಳಿಸಿಹೋದ ಅಂಗಳದಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೇನೆ. ಈಗ ಮೂರು ವರ್ಷದಿಂದ ಫೈನಲ್‌ನಲ್ಲಿ ನಮಗೆ ಎದುರಾಗುತ್ತಿರುವ ಊರಿನವರೇ ಬಂದು ಅವನನ್ನು ಕೇಳಿದ್ದಾರೆ. ಬಸ್ ಚಾರ್ಜು, ಒಂದು ಜೊತೆ ಶೂ, ಪಂದ್ಯಕ್ಕೆ ಎರಡು ಸಾವಿರ ರೂಪಾಯಿ, ವಾರಕ್ಕೆ ಮೂರು ದಿನ ಮ್ಯಾಟ್ ಮೇಲೆ ಅಭ್ಯಾಸ. ಹಾಗೆ ನೋಡಿದರೆ ಮ್ಯಾಟ್ ಒಂದೇ ಸಾಕಿತ್ತು.

"ದೊಡ್ಡಪ್ಪ, ನಮ್ಮ ತಂಡದಲ್ಲಿ ಅವನಿಗೆ ಎಷ್ಟು ರೈಡ್ ಕೊಡ್ತಾರೆ?" ಅಂತ ಕೇಳಿದೆ.

ಅವರು ಮಾತಾಡಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು. ಎರಡು ವರ್ಷದಿಂದ ಅವನನ್ನು ಕೊನೆಯ ಹತ್ತು ನಿಮಿಷಕ್ಕೆ ಇಳಿಸುತ್ತಾರೆ, ಅದೂ ಸೋಲುವ ಹೊತ್ತಿಗೆ. ದೊಡ್ಡವರ ಸರದಿ ಮುಗಿಯಬೇಕು, ಆಮೇಲೆ ಚಿಕ್ಕವರು. ಇದು ನಮ್ಮ ಕಡೆಯ ಪದ್ಧತಿ. ಊಟದ ಪಂಕ್ತಿಗೆ ಈ ಪದ್ಧತಿ ಸರಿ. ಆಟಕ್ಕೆ ಸರಿಯಲ್ಲ.

ಆಗ ನಾನು ಕರುಣ್ ನಾಯರ್ ಕಥೆ ಎತ್ತಿದೆ. ಕರ್ನಾಟಕಕ್ಕೆ ಆಡಿದವರಲ್ಲಿ ನನಗೆ ಬಹಳ ಹಿಡಿಸಿದ ಬ್ಯಾಟ್ಸ್‌ಮನ್ ಅವರು. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ರಣಜಿ ಫೈನಲ್. ಆ ಒಂದು ಇನ್ನಿಂಗ್ಸ್‌ನಲ್ಲಿ 328 ಹೊಡೆದರು. ಮರುವರ್ಷ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303. ಭಾರತದ ಪರ ಟೆಸ್ಟ್‌ನಲ್ಲಿ ಮುನ್ನೂರು ದಾಟಿದವರು ಸೆಹ್ವಾಗ್ ಬಿಟ್ಟರೆ ಇವರೊಬ್ಬರೇ. ಅಂಥವರು 2022ರ ಹೊತ್ತಿಗೆ ಭಾರತ ತಂಡದಲ್ಲೂ ಇಲ್ಲ, ಕರ್ನಾಟಕ ತಂಡದಲ್ಲೂ ಇಲ್ಲ. ಕ್ರಿಕೆಟ್ಟೇ, ನನಗೆ ಇನ್ನೊಂದು ಅವಕಾಶ ಕೊಡು ಎಂದು ಟ್ವಿಟರ್‌ನಲ್ಲಿ ಬರೆದುಕೊಂಡರು. ಅದನ್ನು ಓದಿದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು. ತ್ರಿಶತಕ ಬಾರಿಸಿದ ಮನುಷ್ಯ ಆಡುವುದಕ್ಕೊಂದು ಅಂಗಳ ಕೊಡಿ ಅಂತ ಕೇಳುವ ಸ್ಥಿತಿ!

"ಆಮ್ಯಾಕೆ ಏನ್ಮಾಡ್ದ?"

"ವಿದರ್ಭಕ್ಕೆ ಹೋದರು. 2023ರಲ್ಲಿ. ನಮ್ಮ ರಾಜ್ಯದ ಕ್ರಿಕೆಟ್ ಸಂಸ್ಥೆಯಿಂದ ಎನ್‌ಒಸಿ ತಗೊಂಡು."

"ಎನ್‌ಒಸಿ ಗೊತ್ತು ಬುಡು, ಸಾಲಕ್ಕೆ ಹೋದ್ರೆ ಕೇಳ್ತರೆ. ನಮ್ದೇನೂ ತಕರಾರಿಲ್ಲ ಅಂತ ಬರಕೊಡಾದು."

ಅದೇ. ಒಂದು ರಾಜ್ಯದ ಆಟಗಾರ ಇನ್ನೊಂದು ರಾಜ್ಯಕ್ಕೆ ಆಡಬೇಕಾದರೆ ಹಳೆಯ ಮನೆಯವರು ತಕರಾರಿಲ್ಲ ಅಂತ ಬರೆದುಕೊಡಬೇಕು. ರಾಬಿನ್ ಉತ್ತಪ್ಪ 2017ರಲ್ಲಿ ಹೀಗೇ ಸೌರಾಷ್ಟ್ರಕ್ಕೆ ಹೋದರು, ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋಗಿ ಬಂದರು. ಆದರೆ ಕರುಣ್ ಹೋಗಿ ಮಾಡಿದ್ದು ಬೇರೆಯೇ ತೂಕದ್ದು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎಂಟು ಇನ್ನಿಂಗ್ಸ್, ಐದು ಶತಕ, 779 ರನ್. ಫೈನಲ್‌ಗೆ ಬರುವ ತನಕ ಔಟಾದದ್ದು ಒಂದೇ ಸಲ. ಆ ಫೈನಲ್‌ಗೆ ಎದುರಾಳಿ ಯಾರು? ಕರ್ನಾಟಕವೇ.

2025ರ ಜನವರಿ 18, ವಡೋದರಾ. ಟಾಸ್‌ಗೆ ಬಂದವರು ಮಯಂಕ್ ಅಗರ್‌ವಾಲ್ ಮತ್ತು ಕರುಣ್ ನಾಯರ್. ಎಷ್ಟೋ ವರ್ಷ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಎದ್ದವರು ಅವತ್ತು ಒಬ್ಬರಿಗೊಬ್ಬರು ಎದುರು ಕ್ಯಾಪ್ಟನ್. ನಾನು ನಮ್ಮ ರಾಜ್ಯ ಗೆಲ್ಲಲಿ ಅಂತಲೂ, ಆ ಮನುಷ್ಯ ನೂರು ಹೊಡೆಯಲಿ ಅಂತಲೂ ಬೇಡಿಕೊಂಡು ಕೂತಿದ್ದೆ. ಕರ್ನಾಟಕ 348 ಹೊಡೆಯಿತು, ಹುಡುಗ ಸ್ಮರಣ್ ಶತಕ ಬಾರಿಸಿದ. ಕರುಣ್ 27ಕ್ಕೆ ಬಂದಾಗ ನಮ್ಮ ಪ್ರಸಿದ್ಧ್ ಕೃಷ್ಣ ಬೌಲ್ಡ್ ಮಾಡಿದರು. 36 ರನ್‌ಗಳಿಂದ ಕಪ್ ನಮ್ಮದಾಯಿತು. ಖುಷಿಯಾಯಿತು. ಆದರೆ ಸ್ಟಂಪ್ ಹಾರಿದ ಆ ಗಳಿಗೆಯಲ್ಲಿ ಕೈ ತಟ್ಟಲು ನನ್ನ ಕೈ ಏಳಲಿಲ್ಲ. ಒಂದೂವರೆ ತಿಂಗಳಿಗೆ ನಾಗ್ಪುರದಲ್ಲಿ ರಣಜಿ ಫೈನಲ್. ಕೇರಳದ ಎದುರು ಕರುಣ್ 86 ಮತ್ತು 135. ಶತಕವಾದಾಗ ಒಂಬತ್ತು ಬೆರಳು ಎತ್ತಿ ತೋರಿಸಿದರು. ಆ ಒಂದೇ ಸೀಸನ್ನಿನಲ್ಲಿ ಅದು ಒಂಬತ್ತನೇ ಶತಕ. ವಿದರ್ಭ ಚಾಂಪಿಯನ್ ಆಯಿತು.

ದೊಡ್ಡಪ್ಪ ಸುಲಿಯುವುದನ್ನು ನಿಲ್ಲಿಸಿದ್ದರು. "ಅಷ್ಟು ಆಡೋನ್ನ ನಮ್ಮೋರು ಯಾಕಪ್ಪ ಕಳ್ಸುದ್ರು?"

ಆ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಅವರ ಮೊಮ್ಮಗನ ವಿಚಾರಕ್ಕೂ ಅದೇ ಪ್ರಶ್ನೆ ಅಂತ ಅವರಿಗೇ ಹೊಳೆದಿರಬೇಕು. ಮತ್ತೆ ಕಾಯಿ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಹುಡುಗನೇ ಬೈಕ್ ನಿಲ್ಲಿಸಿ ಬಂದ. ಅವನಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಹುಚ್ಚು. ಮೊಬೈಲ್‌ನಲ್ಲಿ ಲೆಬ್ರಾನ್ ಜೇಮ್ಸ್‌ನ ಆಟ ನೋಡುತ್ತಿರುತ್ತಾನೆ. ಅವನ ಬಾಯಲ್ಲೇ ತಾತನಿಗೆ ಆ ಕಥೆ ಹೇಳಿಸಿದೆ. ಅಲ್ಲಿ ಕರಾರಿನ ವರ್ಷಗಳು ಮುಗಿದ ಮೇಲೆ ಆಟಗಾರ ಸಾಮಾನ್ಯವಾಗಿ ಸ್ವತಂತ್ರ. ಯಾರ ಅಪ್ಪಣೆಯೂ ಬೇಡ. ಯಾವ ತಂಡ ಅಂತ ಅವನೇ ಆರಿಸಿಕೊಳ್ಳಬಹುದು. 2010ರ ಜುಲೈ 8ರಂದು ಲೆಬ್ರಾನ್ ಟಿವಿಯಲ್ಲಿ ಕೂತು, ಹುಟ್ಟೂರಿನ ಪಕ್ಕದ ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋಗುತ್ತೇನೆ ಅಂದ. ಆ ರಾತ್ರಿಯೇ ಕ್ಲೀವ್‌ಲ್ಯಾಂಡಿನ ಬೀದಿಯಲ್ಲಿ ಜನ ಅವನ ಜೆರ್ಸಿ ಸುಟ್ಟರು. ತಂಡದ ಮಾಲೀಕನೇ ಬಹಿರಂಗ ಪತ್ರ ಬರೆದು ಬೈದ.

"ಮೊದ್ಲಿಂದ್ಲೂ ಹಿಂಗೇ ಇತ್ತಾ ಅಲ್ಲಿ?" ಅಂದರು ದೊಡ್ಡಪ್ಪ.

ಇರಲಿಲ್ಲ. ಮೊದಲು ಒಂದು ತಂಡಕ್ಕೆ ಸಹಿ ಹಾಕಿದವನು ಅವರು ಬಿಡುವ ತನಕ ಅವರವನೇ. ಆಸ್ಕರ್ ರಾಬರ್ಟ್‌ಸನ್ ಎಂಬ ದೊಡ್ಡ ಆಟಗಾರನ ಮುಂದಾಳತ್ವದಲ್ಲಿ ಆಟಗಾರರು 1970ರಲ್ಲಿ ಕೋರ್ಟಿಗೆ ಹೋದರು. 1976ರಲ್ಲಿ ರಾಜಿಯಾಗಿ ಆ ಕಟ್ಟು ಸಡಿಲವಾಯಿತು.

ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. "ಎಪ್ಪತ್ತಾರಾ? ನಮ್ಮಲ್ಲಿ ಜೀತ ಬುಡಿಸಿದ್ದೂ ಆಗ್ಲೇ ಅಲ್ವಾ?"

ಮೈ ಜುಮ್ಮೆಂದಿತು. ಜೀತ ನಿರ್ಮೂಲನ ಕಾಯ್ದೆ ಬಂದದ್ದು 1976ರಲ್ಲೇ. ಅವರ ತಂದೆ ಒಂದು ಮನೆಯಲ್ಲಿ ಜೀತಕ್ಕಿದ್ದವರು. ಆ ವರ್ಷ ಅವರಿಗೆ ಕಾಯ್ದೆ ಪುಸ್ತಕದ ವರ್ಷ ಅಲ್ಲ, ಅಪ್ಪ ಮನೆಗೆ ಬಂದ ವರ್ಷ. ಕೋಟಿ ಕೋಟಿ ಎಣಿಸುವ ಆಟಗಾರನ ಕಷ್ಟವನ್ನೂ ಆ ಅಪ್ಪನ ಕಷ್ಟವನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಹಾಕುವುದೂ ಇಲ್ಲ. ಆದರೆ "ನಾನು ಯಾರ ಹೊಲದಲ್ಲಿ ದುಡಿಯಬೇಕು ಅಂತ ನಾನೇ ಹೇಳುತ್ತೇನೆ" ಅನ್ನುವ ಮಾತಿನ ಬೆಲೆ ದೊಡ್ಡಪ್ಪನಿಗೆ ಗೊತ್ತಿದ್ದಷ್ಟು ನನಗೂ ಗೊತ್ತಿಲ್ಲ.

ನಮ್ಮ ದೇಶದ ಆಟಗಾರರ ಹರಾಜಿನಲ್ಲಿ ಆ ಮಾತಿಗೆ ಜಾಗ ಕಡಿಮೆ. ಪ್ರೊ ಕಬಡ್ಡಿಯಲ್ಲಿ ಪವನ್ ಸೆಹ್ರಾವತ್ ನಮ್ಮ ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟವರು. 2019ರ ಜನವರಿಯ ಫೈನಲ್‌ನಲ್ಲಿ ಒಬ್ಬರೇ 22 ಪಾಯಿಂಟ್. 2022ರಲ್ಲಿ ಬುಲ್ಸ್ ಉಳಿಸಿಕೊಳ್ಳಲಿಲ್ಲ. ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೂಗಿತು. ಅವತ್ತು ಮಾರ್ಟಳ್ಳಿ ಕಡೆಯ ತಮಿಳು ನೆಂಟರು ಫೋನ್ ಮಾಡಿ ಕುಣಿದರು, ನಮ್ಮ ಬೀದಿ ಮಂಕಾಗಿತ್ತು. ಮೊದಲ ಪಂದ್ಯದಲ್ಲೇ ಪವನ್ ಮಂಡಿಗೆ ಪೆಟ್ಟಾಗಿ ಆ ಸೀಸನ್ನೇ ಹೋಯಿತು. ಆಗ ಎರಡೂ ಕಡೆಯವರು ಒಟ್ಟಿಗೆ ಮರುಗಿದ್ದನ್ನು ನೋಡಿದ್ದೇನೆ.

ಕೆ.ಎಲ್. ರಾಹುಲ್‌ದು ಇನ್ನೊಂದು ತರ. ಐಪಿಎಲ್‌ನಲ್ಲಿ 2024ರ ನಂತರ ಲಖನೌ ಬಿಟ್ಟು ತಾವೇ ಹರಾಜಿಗೆ ನಿಂತರು. ಆರ್‌ಸಿಬಿಗೆ ಬರಲಿ ಅಂತ ಕರ್ನಾಟಕವೇ ಕಾದಿತ್ತು. ಡೆಲ್ಲಿ 14 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ನಮ್ಮ ಆರ್‌ಸಿಬಿ ಎದುರೇ ಔಟಾಗದೆ 93 ಹೊಡೆದು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು, ನಡುವೆ ಬ್ಯಾಟ್ ಊರಿದರು. 'ಕಾಂತಾರ' ನೋಡಿದವರಿಗೆ ಅದರ ಅರ್ಥ ಹೇಳಬೇಕಿಲ್ಲ. ಡೆಲ್ಲಿಯ ಅಂಗಿ ಹಾಕಿಕೊಂಡೇ, ಇದು ನನ್ನ ಜಾಗ ಅಂದರು. ನಾನು ಆರ್‌ಸಿಬಿಯವ. ಅವತ್ತು ಸೋತದ್ದಕ್ಕೆ ಬೇಸರವಾಯಿತು, ಆ ವೃತ್ತ ನೋಡಿ ಕಣ್ಣು ಒದ್ದೆಯಾಯಿತು.

"ಆದ್ರೂ," ಅಂದರು ದೊಡ್ಡಪ್ಪ, "ನಮ್ಮುನ್ನ ಸೋಲಿಸಿದೋರ ತಾವ್ಕೇ ಹೋಗಾದು ಸರೀನಾ?"

ಇದು ಗಟ್ಟಿ ಮಾತು, ತಳ್ಳಿಹಾಕುವಂಥದ್ದಲ್ಲ. ಅದೇ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೆವಿನ್ ಡ್ಯುರಾಂಟ್ 2016ರಲ್ಲಿ ಮಾಡಿದ್ದು ಅದನ್ನೇ. ಅವನ ಒಕ್ಲಹೋಮಾ ತಂಡ ಸರಣಿಯಲ್ಲಿ 3-1ರಿಂದ ಮುಂದಿದ್ದೂ ಗೋಲ್ಡನ್ ಸ್ಟೇಟ್‌ಗೆ ಸೋತಿತು. ತಿಂಗಳೆರಡು ಕಳೆಯುವಷ್ಟರಲ್ಲಿ ಅವನು ಆ ಗೋಲ್ಡನ್ ಸ್ಟೇಟ್‌ಗೇ ಸೇರಿದ. ಎರಡು ಸಲ ಕಪ್ ಗೆದ್ದ. ಒಕ್ಲಹೋಮಾದವರಿಗಾದ ನೋವು ಸುಳ್ಳಲ್ಲ. ಹಕ್ಕಿದೆ ಅಂದಮಾತ್ರಕ್ಕೆ ನೋವಾಗುವುದಿಲ್ಲ ಅಂತೇನಿಲ್ಲ. ನೋವಾಗುತ್ತದೆ ಅಂದಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ.

ನಾನು ಹೇಳಿದೆ: "ದೊಡ್ಡಪ್ಪ, ನಿಮ್ಮಪ್ಪ ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ ಅಲ್ಲವಾ?"

"ಊಂ. ಇದೇ ಮನೇಲಿ."

ಅದೇ ಮನೆ, ಅದೇ ಜಗುಲಿ. 1956ರ ನವೆಂಬರ್ ಒಂದರ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅವತ್ತು ಮೈಸೂರಿಗೆ ಬಂತು. ಆಮೇಲೆ ಚಾಮರಾಜನಗರ ಜಿಲ್ಲೆ, ಈಗ ಹನೂರು ತಾಲ್ಲೂಕು. ಕಾಗದದಲ್ಲಿ ನಮ್ಮ ನೆಲ ಇಷ್ಟು ಸಲ ಮನೆ ಬದಲಿಸಿದೆ. ಮಾದಪ್ಪನ ಬೆಟ್ಟಕ್ಕೆ ಗಡಿಯ ಪಾಲಾರ್ ದಾಟಿ ಬರುವ ತಮಿಳು ಒಕ್ಕಲು ನಿಂತಿಲ್ಲ. ಇಲ್ಲಿಂದ ತಿರುಪ್ಪೂರಿಗೆ ದುಡಿಯಲು ಹೋಗುವ ಹುಡುಗರೂ ನಿಂತಿಲ್ಲ. ಹಾಗೆ ಹೋದವರನ್ನು ದ್ರೋಹಿ ಅನ್ನುವುದಿಲ್ಲ ನಾವು. ಹಬ್ಬಕ್ಕೆ ಬಂದರೆ ಒಂದು ಎಲೆ ಹೆಚ್ಚು ಹಾಕುತ್ತೇವೆ. ಆಟಕ್ಕೆ ಹೋದವನಿಗೆ ಮಾತ್ರ ಬೇರೆ ಕಾನೂನು ಯಾಕೆ?

ಹುಡುಗ ಇಷ್ಟು ಹೊತ್ತು ಬೇಲಿಯ ಗೂಟ ಹಿಡಿದು ಸುಮ್ಮನೆ ನಿಂತಿದ್ದ. ಈಗ ಮೆಲ್ಲಗೆ ಹೇಳಿದ, "ತಾತ, ಲೆಬ್ರಾನ್ ವಾಪಸ್ ಬಂದ. 2014ರಲ್ಲಿ. ಅಂಗಿ ಸುಟ್ಟೋರ ಊರಿಗೇ. 2016ರಲ್ಲಿ ಕಪ್ ಗೆಲ್ಲಿಸ್ದ. ಆ ಊರಿಗೆ ಐವತ್ತೆರಡು ವರ್ಷದಿಂದ ಯಾವ ದೊಡ್ಡ ಕಪ್ಪೂ ಬಂದಿರ್ನಿಲ್ಲ."

ಕರುಣ್ ಕೂಡ ಬಂದರು. ಎಂಟು ವರ್ಷಗಳ ಮೇಲೆ ಟೆಸ್ಟ್ ತಂಡಕ್ಕೆ ಮರಳಿದ 2025ರಲ್ಲೇ ಕರ್ನಾಟಕಕ್ಕೂ ಮರಳಿದರು. ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಗೋವಾ ಎದುರು ಔಟಾಗದೆ 174. ಹೋಗುವಾಗ ಬಾಗಿಲು ಹಾಕಿ ಕಳುಹಿಸದೆ ಇದ್ದುದರಿಂದ ಆ ರನ್ನು ನಮ್ಮ ಲೆಕ್ಕಕ್ಕೆ ಬಂತು.

ದೊಡ್ಡಪ್ಪ ಕೊನೆಯ ಕಾಯಿ ಸುಲಿದು ಸಿಪ್ಪೆಯನ್ನು ಕುರಿಗೆ ಎಸೆದರು. ಕಂಡಿಯಲ್ಲಿ ಕೈ ತೂರಿಸಿ ನನಗೊಂದು ಬೊಗಸೆ ಕಾಳು ಕೊಟ್ಟರು. ಮೊಮ್ಮಗನ ಕಡೆ ತಿರುಗಿ, "ಮ್ಯಾಟ್ ಮ್ಯಾಲೆ ಜಾರ್ತದೆ, ಶೂ ಸರ್ಯಾಗಿ ನೋಡಿ ಈಸ್ಕೊ" ಅಂದರು. ಅಷ್ಟೇ ಅಂದದ್ದು.

ಭಾನುವಾರ ಬೆಳಿಗ್ಗೆ ಪಂದ್ಯ. ದೊಡ್ಡಪ್ಪನೂ ನಾನೂ ಹೋಗುತ್ತೇವೆ, ನಮ್ಮ ಊರಿನವರ ಸಾಲಿನಲ್ಲೇ ಕೂರುತ್ತೇವೆ, ಹುಡುಗ ಪಾಯಿಂಟ್ ತಂದರೆ ಅಲ್ಲಿಂದಲೇ ಚಪ್ಪಾಳೆ ತಟ್ಟುತ್ತೇವೆ. ನಮ್ಮ ತಂಡ ನಡೆಸುವ ಹಿರಿಯರಲ್ಲಿ ಒಂದೇ ಕೋರಿಕೆ: ಅವನ ಏಳನೇ ನಂಬರಿನ ಬನಿಯನ್ ಬೇರೆಯವರಿಗೆ ಕೊಡಬೇಡಿ. ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿ ಇಡಿ.